ಮಿತ್ರಾ ಆ ಶನಿವಾರ ಎಲ್ಲಿದ್ದಳು?

"ಒಂದು ಹುಡುಗಿ ಒಂದೇ ಶನಿವಾರ ಎರಡು ಊರಾಗ ಇರಾಕ ಆಗೂದಿಲ್ಲ," ಎಂದಳು ವಿಶಾಖಾ. "ನಿಮ್ಮಿಬ್ಬರೊಳಗ ಒಬ್ಬರು ನನಗ ಸುಳ್ಳು ಹೇಳೀರಿ."

ದೇವದುರ್ಗದ ಆ ಮನೆಯ ಪಡಸಾಲೆಯಲ್ಲಿ ಅಕ್ಕತಂಗಿಯರು ಎದುರುಬದುರು ಗೋಡೆಗೆ ಒರಗಿ ಕೂತಿದ್ದರು. ಇಬ್ಬರೂ ಮಾಸ್ಕ್ ಹಾಕಿಕೊಂಡಿದ್ದರು. ಕಣ್ಣುಗಳಷ್ಟೇ ಕಾಣುತ್ತಿದ್ದವು. ಆ ಕಣ್ಣುಗಳು ವಿಶಾಖಾಳ ಕಡೆ ತಿರುಗಲಿಲ್ಲ, ಒಬ್ಬರನ್ನೊಬ್ಬರು ಸುಡುತ್ತಿದ್ದವು.

"ನಾ ಹೇಳಿದ್ದು ಖರೇನೇ ಅದ," ಎಂದಳು ಅಕ್ಕ ಸೂಗಮ್ಮ. "ಶನಿವಾರ ಮಿತ್ರಾ ಇಲ್ಲೇ ಇದ್ಲು. ತಲಿಗೆ ಎಣ್ಣಿ ಹಚ್ಚಿ ಎರದೀನಿ. ಮಧ್ಯಾಹ್ನ ಉಂಡು ನನ್ನ ತೊಡಿ ಮ್ಯಾಲ ಮಲಕ್ಕೊಂಡಿದ್ಲು."

"ನನ್ನ ಹತ್ರ ಇದ್ಲು," ಎಂದಳು ತಂಗಿ ಮೌನೇಶ್ವರಿ. "ರಾಯಚೂರಾಗ. ಸಂಜಿಮುಂದ ಮಾವಿನಕೆರಿ ದಂಡಿಗೆ ಕರಕೊಂಡು ಹೋಗಿದ್ದೆ. ಐಸ್‌ಕ್ರೀಮ್ ಕೊಡಿಸಿದ್ದೆ."

"ಕನಸಿನ್ಯಾಗ ಕೊಡಿಸಿದ್ದೇನು?"

"ನೀನೂ ಕನಸಿನ್ಯಾಗನ ಎರದಿದ್ದೇನು?"

ವಿಶಾಖಾ ಅವರನ್ನು ತಡೆಯಲಿಲ್ಲ. ಜಗಳದಲ್ಲಿ ಬಾಯಿ ತಪ್ಪಿ ಏನಾದರೂ ಹೊರಬಿದ್ದರೆ ಬೀಳಲಿ ಎಂದು ಕಾದಳು. ಏನೂ ಬೀಳಲಿಲ್ಲ.

ಅವಳು ಜಿಲ್ಲಾ ರೋಗ ಸರ್ವೇಕ್ಷಣೆಯ ವೈದ್ಯೆ. ಹನ್ನೊಂದು ವರ್ಷದ ಸಂಘಮಿತ್ರಾ, ಎಲ್ಲರ ಬಾಯಲ್ಲಿ ಮಿತ್ರಾ, ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಹತ್ತಿ ರಾಯಚೂರಿನ ಆಸ್ಪತ್ರೆಯಲ್ಲಿ ಕೊರಳಿಗೆ ನಳಿಕೆ ಹಾಕಿಸಿಕೊಂಡು ಎಚ್ಚರವಿಲ್ಲದೆ ಮಲಗಿದ್ದಳು. ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ನಿನ್ನೆ ತೀರಿಕೊಂಡಿದ್ದಳು. ರೋಗ ಮಿತ್ರಾಗೆ ಎಲ್ಲಿಂದ ಬಂತು ಎಂಬುದು ಇನ್ನೂ ಗೊತ್ತಿರಲಿಲ್ಲ. ಕೊಟ್ಟವರು ಯಾರೋ ಎಲ್ಲೋ ಕೆಮ್ಮುತ್ತ, ಇನ್ನೂ ನಾಲ್ಕು ಮಕ್ಕಳ ಪಕ್ಕ ಕೂತಿರಬಹುದು.

ಹುಡುಗಿಯ ಎಲ್ಲ ದಿನಗಳ ಜಾಡೂ ಸಿಕ್ಕಿತ್ತು. ಶಾಲೆ, ಟ್ಯೂಷನ್, ಓಣಿ, ಎಲ್ಲ ಕಡೆಯೂ ಸ್ವಾಬ್ ತೆಗೆದು ಗುಳಿಗೆ ಕೊಟ್ಟಾಗಿತ್ತು. ಉಳಿದದ್ದು ಜ್ವರ ಬರುವ ಮುಂಚಿನ ಒಂದು ಶನಿವಾರ, ಒಂದು ರವಿವಾರ.

ಇಷ್ಟು ವರ್ಷದ ಕೆಲಸದಲ್ಲಿ ವಿಶಾಖಾ ನೋಡಿದ್ದೆಲ್ಲ ಒಂದೇ ಬಗೆಯ ಸುಳ್ಳು. ರೋಗಿ ನಮ್ಮ ಮನಿ ಹೊಸ್ತಿಲಾನೂ ತುಳದಿಲ್ಲ ಎಂದು ಜನ ಆಣೆ ಮಾಡುತ್ತಾರೆ. ಊಟ ಹಾಕಿದವರು ನೀರೂ ಕೊಟ್ಟಿಲ್ಲ ಎನ್ನುತ್ತಾರೆ. ರೋಗಿ ನಮ್ಮ ಮನೆಯಲ್ಲೇ ಇದ್ದಳು ಎಂದು ಎರಡು ಮನೆಗಳು ಜಗಳ ತೆಗೆಯುವುದನ್ನು ಅವಳು ಇದೇ ಮೊದಲು ನೋಡುತ್ತಿದ್ದಳು.

ಬಾಗಿಲ ಹತ್ತಿರ ನಿಂತಿದ್ದ ಹೆಲ್ತ್ ಇನ್‌ಸ್ಪೆಕ್ಟರ್ ತಾಯಣ್ಣ ಕಣ್ಣಿನಲ್ಲೇ ಹೊರಗೆ ಕರೆದ.

"ಮೇಡಮ್, ಈಗ ಲ್ಯಾಬಿಂದ ಫೋನ್ ಬಂತು," ಎಂದ ಅಂಗಳದಲ್ಲಿ, ತಗ್ಗಿದ ದನಿಯಲ್ಲಿ. "ಸೂಗಮ್ಮನ ಸ್ವಾಬ್ ನೆಗೆಟಿವ್. ಆಕಿ ಗಂಡ ಅಯ್ಯಪ್ಪಂದೂ ನೆಗೆಟಿವ್. ರಾಯಚೂರಾಗ ತಾಯಿದು, ಬಾಜೂ ಮನಿಯವರದು, ಎಲ್ಲಾ ನೆಗೆಟಿವ್."

"ಎರಡೂ ಮನ್ಯಾಗ ರೋಗ ಇಲ್ಲ."

"ಹೌದ್ರಿ. ಆದ್ರೂ ಎರಡೂ ಮನಿಯವರು ಹುಡುಗಿ ನಮ್ಮಲ್ಲಿ ಇದ್ಲು ಅಂತಾರ. ಯಾರನ್ನ ನಂಬೂದ್ರಿ?"

"ಇಬ್ಬರನ್ನೂ ನಂಬಬ್ಯಾಡ್ರಿ ತಾಯಣ್ಣ," ಎಂದಳು ವಿಶಾಖಾ. "ಮೂರನೇ ಮನಿ ಒಂದದ."

ಒಳಗೆ ಅಕ್ಕತಂಗಿಯರ ದನಿ ಏರಿತ್ತು. ಅವರ ಕಥೆ ವಿಶಾಖಾಗೆ ಗೊತ್ತಿತ್ತು. ಮಿತ್ರಾ ಹುಟ್ಟಿದ ವರ್ಷವೇ ಮೌನೇಶ್ವರಿಯ ಗಂಡ ಶೇಖರ ತೀರಿಕೊಂಡಿದ್ದ. ಕೂಸನ್ನು ಅಕ್ಕನ ಮಡಿಲಿಗೆ ಹಾಕಿ ಮೌನೇಶ್ವರಿ ಓದಿದಳು, ಬಿ.ಎಡ್ ಮುಗಿಸಿದಳು, ರಾಯಚೂರಿನಲ್ಲಿ ಟೀಚರ್ ಆದಳು. ಅಷ್ಟರಲ್ಲಿ ಮಕ್ಕಳಿಲ್ಲದ ಸೂಗಮ್ಮನನ್ನು ಹುಡುಗಿ ಅವ್ವಾ ಎಂದು ಕರೆಯತೊಡಗಿದ್ದಳು. ಹಡೆದವಳನ್ನು ಮಮ್ಮಿ ಎನ್ನುತ್ತಿದ್ದಳು. ಸೋಮವಾರದಿಂದ ಶುಕ್ರವಾರದವರೆಗೆ ದೇವದುರ್ಗದಲ್ಲಿ ದೊಡ್ಡವ್ವನ ಹತ್ತಿರ, ಶನಿವಾರ ರವಿವಾರ ರಾಯಚೂರಿನಲ್ಲಿ ತಾಯಿಯ ಹತ್ತಿರ. ಬರುವ ಜೂನ್‌ನಿಂದ ಮಗಳನ್ನು ಪೂರ್ತಿ ಕರೆದುಕೊಂಡು ಹೋಗುತ್ತೇನೆ ಎಂದು ಮೌನೇಶ್ವರಿ ಹೇಳಿದ ದಿನದಿಂದ ಅಕ್ಕತಂಗಿ ಸರಿಯಾಗಿ ಮಾತಾಡಿರಲಿಲ್ಲ.

ವಿಶಾಖಾಳ ಮನೆಯಲ್ಲೂ ಮೂರು ವರ್ಷದ ಮಗನಿದ್ದ. ರಾತ್ರಿ ಅವನು ಅಜ್ಜಿಯ ಸೆರಗು ಹಿಡಿದರೇನೇ ನಿದ್ದೆ ಮಾಡುತ್ತಿದ್ದ. ಇವಳು ಎತ್ತಿಕೊಂಡರೆ ಕೈ ಚಾಚಿ ಅಜ್ಜಿಯ ಕಡೆ ಅಳುತ್ತಿದ್ದ. ಅತ್ತೆಯ ಮೇಲೆ ಅವಳಿಗೆ ಕೋಪವೇನೂ ಇರಲಿಲ್ಲ. ಆದರೂ ಆ ಹೊತ್ತಿಗೆ ಎದೆಯೊಳಗೆ ಒಂದು ಖಾರ ಏಳುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇವತ್ತು ಈ ಇಬ್ಬರ ಕಣ್ಣಲ್ಲಿ ಅದೇ ಖಾರವನ್ನು ನೋಡುತ್ತಿದ್ದಳು.

ಅದಕ್ಕೇ ಬೆಳಿಗ್ಗೆ ಒಂದು ಹಟ ಹಿಡಿದಿದ್ದಳು. ಮಗಳ ಹಾಸಿಗೆ ಬಿಟ್ಟು ಏಳಲೊಲ್ಲದ ಮೌನೇಶ್ವರಿಯನ್ನು ಒಪ್ಪಿಸಿ, ವಾರ್ಡಿನವರಿಗೆ ನೋಡಿಕೊಳ್ಳಲು ಹೇಳಿ, ಜೀಪಿನಲ್ಲಿ ದೇವದುರ್ಗಕ್ಕೆ ತಂದಿದ್ದಳು. ಬೇರೆ ಬೇರೆ ಕೇಳಿದರೆ ಇಬ್ಬರೂ ಚೆಂದಾಗಿ ಸುಳ್ಳು ಹೇಳುತ್ತಾರೆ. ಒಂದೇ ಕೋಣೆಯಲ್ಲಿ ಕೂಡಿಸಿದರೆ ಏನಾಗುತ್ತದೆ ನೋಡಬೇಕಿತ್ತು.

ಅವಳು ಒಳಗೆ ಬಂದು ಇಬ್ಬರ ನಡುವೆ ನೆಲದ ಮೇಲೆ ಕೂತಳು. ಮೊಬೈಲ್ ತೆಗೆದಳು.

"ಇದು ಸಾಲಿಯವರು ಕಳಿಸಿದ ಫೋಟೋ. ಸೋಮವಾರ ಮುಂಜಾನಿ ಪ್ರಾರ್ಥನಿ. ಯಾರ ಬಾಜೂಕ ಯಾರು ನಿಂತಿದ್ರು ನೋಡಾಕ ನಾ ತರಿಸಿದ್ದೆ. ಮುಂದಿನ ಸಾಲಿನ್ಯಾಗ ಮಿತ್ರಾ ಅದಾಳ. ಆಕಿ ತಲಿ ನೋಡ್ರಿ."

ಫೋಟೋದಲ್ಲಿ ಹುಡುಗಿ ಅರ್ಧ ತಿರುಗಿ ನಿಂತಿದ್ದಳು. ಬೆನ್ನ ಮೇಲೆ ಒಂದೇ ಹೆರಳು. ಎಲ್ಲ ಹುಡುಗಿಯರದ್ದೂ ರಿಬ್ಬನ್ ಕಟ್ಟಿದ ಎರಡು ಜಡೆ. ಇವಳದ್ದು ನಾಲ್ಕು ಎಳೆ ಸೇರಿಸಿ ಬಿಗಿಯಾಗಿ, ಚಪ್ಪಟೆಯಾಗಿ ಹೆಣೆದ ಹೆರಳು. ತುದಿಯಲ್ಲಿ ಮರುಗದ ಎಲೆ ಸಿಕ್ಕಿಸಿತ್ತು.

ಮೌನೇಶ್ವರಿ ಒಂದು ಕ್ಷಣ ನೋಡಿದಳು. ಕೂಡಲೇ ಅವಳ ಕಣ್ಣು ಎದುರು ಗೋಡೆಯ ಕಡೆ ಹೋಯಿತು. ಅಕ್ಕನ ಕೈಗಳ ಮೇಲೆ ನಿಂತಿತು.

ಸೂಗಮ್ಮ ತಂಗಿಯ ಕೈಯನ್ನು ನೋಡಲಿಲ್ಲ. ನೆಲ ನೋಡಿದಳು.

ವಿಶಾಖಾಗೆ ಅಷ್ಟೇ ಬೇಕಿತ್ತು.

"ಮೌನೇಶ್ವರಿ, ಈ ಫೋಟೋ ನೀವು ಮೊದಲೇ ನೋಡೀರಿ."

"ಸಾಲಿ ಗ್ರೂಪಿನ್ಯಾಗ ಬಂದಿತ್ತು."

"ನೋಡಿ ಏನಂದುಕೊಂಡ್ರಿ?"

ಮೌನೇಶ್ವರಿಯ ದನಿ ಬದಲಾಯಿತು. "ಅಕ್ಕ ಹಾಕ್ಯಾಳ ಅಂದುಕೊಂಡೆ. ನನ್ನ ಹೊಟ್ಟಿ ಉರಿಸಾಕ. ನನಗ ನೆಟ್ಟಗ ಹೆರಳು ಹಾಕಾಕ ಬರೂದಿಲ್ಲ ಮೇಡಮ್. ಮಿತ್ರಾ ನಗತಾಳ. ಮಮ್ಮಿ, ನೀ ಬಿಡು, ಅವ್ವ ಹಾಕತಾಳ ಅಂತಾಳ."

"ಅಂದ್ರ ಶನಿವಾರ ಆಕಿ ನಿಮ್ಮ ಹತ್ರ ಇರಲಿಲ್ಲ."

"ಇರಲಿಲ್ಲ." ಮಾಸ್ಕ್ ತೋಯತೊಡಗಿತು. "ಶುಕ್ರವಾರ ಫೋನ್ ಮಾಡಿದ್ಲು. ಈ ವಾರ ಬರಂಗಿಲ್ಲ, ಅವ್ವನ ಹತ್ರ ಇರತೀನಿ ಅಂದ್ಲು. ಅಕ್ಕನೇ ಹೇಳಿಕೊಟ್ಟು ಮಾಡಿಸ್ಯಾಳ ಅಂತ ತಿಳಕೊಂಡೆ. ನಿಮ್ಮ ಮುಂದ ಹ್ಯಾಂಗ ಹೇಳಲಿ? ಜೂನಿಗೆ ಕರಕೊಂಡು ಹೋಗತೀನಿ ಅಂತ ಊರಿಗೆಲ್ಲಾ ಹೇಳಿ ಕುಂತೀನಿ. ಎರಡು ದಿನ ಸೈತ ನನ್ನ ಹತ್ರ ಬರಾಕ ಒಲ್ಲೆ ಅಂದ್ಲು ಅಂತ ಹ್ಯಾಂಗ ಹೇಳಲಿ?"

ವಿಶಾಖಾ ಸೂಗಮ್ಮನ ಕಡೆ ತಿರುಗಿದಳು.

"ಅಕ್ಕಾ, ನೀವು?"

"ನನ್ನ ಹತ್ರನ ಇದ್ಲು."

"ನಿಮ್ಮ ಓಣಿಯವರು ನೋಡ್ಯಾರ. ಶುಕ್ರವಾರ ಸಂಜಿಗೆ ಚೀಲ ಕೊಟ್ಟು ನೀವೇ ಬಸ್ ಹತ್ತಿಸೀರಿ."

ಅದು ವಿಶಾಖಾಳ ಸುಳ್ಳು. ಯಾರೂ ನೋಡಿರಲಿಲ್ಲ. ಸೂಗಮ್ಮ ಅದನ್ನು ಅಲ್ಲಗಳೆಯಲಿಲ್ಲ.

"ಸೋಮವಾರ ಸಂಜಿಗೆ ಹುಡುಗಿ ಈ ಹೆರಳು ಹಾಕ್ಕೊಂಡು ಮನಿಗೆ ಬಂದ್ಲು," ಎಂದಳು ವಿಶಾಖಾ. "ನಿಮ್ಮ ತಂಗಿಗೆ ಬರೂದಿಲ್ಲ ಅಂತ ನಿಮಗ ಗೊತ್ತದ. ಈ ಕೈ ಯಾರದು ಅಂತ ನೋಡಿದ ಕೂಡ್ಲೇ ಗುರುತು ಹಿಡದೀರಿ. ಈಗ ನನಗ ಹೇಳ್ರಿ."

"ನನಗ ಗೊತ್ತಿಲ್ಲ."

"ಅಕ್ಕಾ, ಆ ಕೈಗೆ ರೋಗ ಹತ್ತಿರಬಹುದು. ಆ ಮನ್ಯಾಗ ಬ್ಯಾರೆ ಮಕ್ಕಳು ಇರಬಹುದು. ನಿನ್ನೆ ಸತ್ತ ಹುಡುಗಿ ತಾಯಿನ್ನ ನೀವು ನೋಡೀರಿ. ಇದೇ ಓಣಿಯಾಕಿ."

ಹೊರಗೆ ಯಾರೋ ಸೈಕಲ್ ಮೇಲೆ ತರಕಾರಿ ಕೂಗಿಕೊಂಡು ಹೋದರು. ಸೂಗಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಆ ಟೀಚರಮ್ಮ," ಎಂದಳು ಕೊನೆಗೆ. "ವೇದಶ್ರೀ. ಮಾನ್ವಿಯಾಕಿ."

"ಯಾವ ಟೀಚರು?" ಎಂದಳು ಮೌನೇಶ್ವರಿ.

"ಸಂಗೀತದಾಕಿ. ಹೋದ ವರ್ಷ ಇಲ್ಲಿ ಸಾಲಿಗೆ ಬರತಿದ್ಲು. ಮಿತ್ರಾನ ದನಿ ಚಲೋ ಅದ ಅಂತ ಸಾಲಿ ಬಿಟ್ಟ ಮ್ಯಾಲೂ ಕೂಡಿಸಿಕೊಂಡು ಹಾಡ ಹೇಳಿಕೊಡತಿದ್ಲು. ತಲಿ ಬಾಚತಿದ್ಲು. ತನ್ನ ಡಬ್ಬಿಯಿಂದ ತುತ್ತು ಮಾಡಿ ಉಣಿಸತಿದ್ಲು." ಸೂಗಮ್ಮ ತಲೆಯೆತ್ತಿದಳು. "ಹುಡುಗಿ ಮನಿಗೆ ಬಂದ್ರ ಬರೇ ಆಕಿದೇ ಮಾತು. ಟೀಚರ್ ಹಿಂಗ ಅಂದ್ರು, ಟೀಚರ್ ಹಂಗ ನಕ್ರು. ನಾ ಮಾಡಿದ ಸಾರು ಬಾಯಿಗೆ ಸೇರಲಿಲ್ಲ. ಒಂದಿನ ಈ ಹೆರಳು ಹಾಕಿಸಿಕೊಂಡು ಬಂದ್ಲು. ನಾ ಬಿಚ್ಚಾಕ ಹೋದ್ರ ನನ್ನ ಕೈ ಕಡದ್ಲು. ಹತ್ತು ವರ್ಷ ಸಾಕಿದ ಕೈ ಕಡದ್ಲು."

"ಆಮ್ಯಾಲ?"

"ಸಾಲಿಗೆ ಹೋದೆ. ಎಲ್ಲಾರ ಮುಂದ ಆಕಿಗೆ ಬೈದೆ. ನಿನಗ ಬೇಕಾದ್ರ ನೀನೊಂದು ಹಡಿ, ಮಂದಿ ಮಕ್ಕಳಿಗೆ ಕೈ ಹಾಕಬ್ಯಾಡ ಅಂದೆ. ಮರುದಿನದಿಂದ ಆಕಿ ಬರಲಿಲ್ಲ. ಕೆಲಸ ಬಿಟ್ಟು ಮಾನ್ವಿಗೆ ಹೋದ್ಲು ಅಂದ್ರು. ನನಗ ಜೀವ ತಣ್ಣಗಾತು." ಅವಳು ನಿಂತಳು, ಮತ್ತೆ ಕೂತಳು. "ಹೋದ ಸೋಮವಾರ ಹುಡುಗಿ ಬಾಗಿಲಾಗ ನಿಂತಾಗ ಆ ಹೆರಳು ನೋಡಿದೆ. ಮರುಗದ ವಾಸನಿ ಬಂತು. ನಾ ಏನೂ ಕೇಳಲಿಲ್ಲ. ಎದುರಿಗೆ ಕೂಡಿಸಿಕೊಂಡು ಒಂದೊಂದ ಎಳಿ ಬಿಚ್ಚಿದೆ. ಈ ಸಲ ಕಡೀಲಿಲ್ಲ. ಸುಮ್ಮನ ಅತ್ಲು."

"ಜ್ವರ ಬಂದ ಮ್ಯಾಲಾದ್ರೂ ಹೇಳಬೇಕಿತ್ತು ಅಕ್ಕಾ."

"ಹೇಳಿದ್ರ ಏನಾಗತಿತ್ತು?" ಸೂಗಮ್ಮನ ದನಿ ಗಡುಸಾಯಿತು. "ನೀವು ಆಕಿನ್ನ ಕರಸತಿದ್ರಿ. ಹುಡುಗಿ ಕಣ್ಣು ತೆರದಾಗ ಮುಂದ ಆಕಿ ಇರತಿದ್ಲು. ಹುಡುಗಿ ನನ್ನ ಹತ್ರ ಇದ್ಲು ಅಂದ್ರ ನನ್ನ ಮನಿಗೆ ಬೋರ್ಡ್ ಹಾಕತೀರಿ, ಓಣಿ ಮಂದಿ ನನ್ನ ಬಯ್ತಾರ. ಬಯ್ಲಿ. ರೋಗ ನನ್ನಿಂದನ ಬಂತು ಅಂದ್ರೂ ಅಡ್ಡಿಯಿಲ್ಲ. ಹುಡುಗಿ ನನ್ನ ಬಿಟ್ಟು ಆಕಿ ಕಡೆ ಓಡಿ ಹೋದ್ಲು ಅಂತ ನನ್ನ ಬಾಯಿಲೆ ಹೇಳಾಕ ಆಗಲಿಲ್ಲ."

ಮೌನೇಶ್ವರಿ ಅಕ್ಕನನ್ನೇ ನೋಡುತ್ತಿದ್ದಳು. ಬಹುಶಃ ಎಷ್ಟೋ ತಿಂಗಳ ನಂತರ ಸಿಟ್ಟಿಲ್ಲದೆ ನೋಡಿದ್ದು ಅದೇ ಮೊದಲು. ಅಕ್ಕನ ಕೈಯಲ್ಲಿ ತನ್ನ ಮಗಳಿದ್ದಾಳೆ ಎಂದು ಅವಳು ಉರಿದಿದ್ದಳು. ಅಕ್ಕನ ಕೈಯೂ ಖಾಲಿಯೇ ಇತ್ತು.

"ಜೀಪ್ ತಗೀರಿ ತಾಯಣ್ಣ," ಎಂದಳು ವಿಶಾಖಾ. "ಮಾನ್ವಿಗೆ."

ಇಬ್ಬರೂ ಎದ್ದರು. ಬೇಡವೆಂದರೂ ಕೇಳಲಿಲ್ಲ.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅಕ್ಕ ಒಂದು ಕಿಟಕಿ, ತಂಗಿ ಒಂದು ಕಿಟಕಿ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಸಿರವಾರ ದಾಟಿದ ಮೇಲೆ ಕಾಲುವೆ ನೀರಿನ ಭತ್ತದ ಗದ್ದೆಗಳು ಬಂದವು.

"ಆಕಿ ನೋಡಾಕ ಹ್ಯಾಂಗದಾಳ?" ಎಂದು ಕೇಳಿದಳು ಮೌನೇಶ್ವರಿ, ಕಿಟಕಿಯ ಕಡೆ ನೋಡುತ್ತಲೇ.

"ಕಪ್ಪಗ ಅದಾಳ. ಸಣ್ಣ ಅದಾಳ. ಚೆಲುವಿ ಏನಲ್ಲ."

"ದನಿ?"

ಸೂಗಮ್ಮ ತಡೆದು ಹೇಳಿದಳು. "ದನಿ ಚಲೋ ಅದ."

ಮುಂದಿನ ಸೀಟಿನಲ್ಲಿ ವಿಶಾಖಾ ಲೆಕ್ಕ ಹಾಕುತ್ತಿದ್ದಳು. ವೇದಶ್ರೀ ಸಂಗೀತ ಹೇಳಿಕೊಡುವವಳು. ಹಾಡುವಾಗ ಮಕ್ಕಳು ಹತ್ತಿರ ಕೂರುತ್ತಾರೆ, ಬಾಯಿ ತೆರೆದು ಹಾಡುತ್ತಾರೆ. ಗಂಟಲಮಾರಿಗೆ ಅದಕ್ಕಿಂತ ಸುಲಭದ ದಾರಿ ಬೇಕಿಲ್ಲ. ದೊಡ್ಡವರಿಗೆ ಬಂದರೆ ಎಷ್ಟೋ ಸಲ ನೆಗಡಿ, ಗಂಟಲು ನೋವು ಎಂದು ಸುಮ್ಮನಿರುತ್ತಾರೆ. ಹುಡುಗಿಗೆ ತುತ್ತು ಮಾಡಿ ಉಣಿಸುವವಳು, ಮೂರು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡವಳು. ಜಾಡು ಕೊನೆಗೂ ಸಿಕ್ಕಿತು ಎಂದೇ ಅವಳು ನಂಬಿದ್ದಳು.

ಮಾನ್ವಿಯ ಮನೆ ಹಳೆಯ ಓಣಿಯೊಳಗಿತ್ತು. ಮುಂಬಾಗಿಲಿಗೆ ತೋರಣ, ಅಂಗಳದಲ್ಲಿ ತುಳಸಿ, ಬಾವಿಯ ಹತ್ತಿರ ಒಂದು ಕುಂಡದ ತುಂಬ ಮರುಗ. ಸೂಗಮ್ಮ ಜೀಪಿನಿಂದ ಇಳಿದವಳು ಆ ಕುಂಡ ನೋಡಿ ಅಲ್ಲೇ ನಿಂತಳು.

ಬಾಗಿಲು ತೆರೆದ ಎಪ್ಪತ್ತರ ಹೆಂಗಸು ತಾನು ಸತ್ಯಭಾಮಾಬಾಯಿ, ವೇದಶ್ರೀಯ ತಾಯಿ ಎಂದರು. ವಿಶಾಖಾ ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು. ಮೊದಲು ಅವರ ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿದಳು. ಸ್ವಚ್ಛವಾಗಿತ್ತು. ತಾಯಣ್ಣ ಸ್ವಾಬ್ ತೆಗೆದುಕೊಂಡ.

"ಆ ಹುಡುಗಿ ಬಂದಿದ್ಲು, ಹೌದು," ಎಂದರು ಸತ್ಯಭಾಮಾಬಾಯಿ. "ಶುಕ್ರವಾರ ರಾತ್ರಿ ಊಟದ ಹೊತ್ತಿಗೆ, ಒಬ್ಬಳೇ. ರಾಯಚೂರಿನ ಬಸ್ ನಡುವ ಇಳದು ಮಾನ್ವಿ ಬಸ್ ಹತ್ತಿದ್ಲಂತ. ತಾಯಿಗೆ ಹೇಳೇ ಬಂದೀನಿ ಅಂದ್ಲು. ನಮ್ಮ ವೇದಾ ಕೇಳಲಿಕ್ಕೂ ಹೋಗಲಿಲ್ಲ. ಹುಡುಗಿ ನೋಡಿ ಅಂಗಳದಾಗ ಕೂತು ಅತ್ಲು." ಅವರ ಬಾಯಿ ಒಂದು ಕಡೆ ಬಿಗಿಯಿತು. "ಎರಡು ದಿವಸ ಆಕಿಗೆ ಎಣ್ಣಿ, ಆಕಿಗೆ ನೀರು, ಆಕಿಗೆ ಹೋಳಿಗಿ. ನನಗ ಸೊಂಟ ನೋವಾಗಿ ಒಂದು ತಿಂಗಳಾತು, ನನ್ನ ಮಗಳು ಒಮ್ಮೆ ಎಣ್ಣಿ ತಿಕ್ಕಿಲ್ಲ. ಆ ಹುಡುಗಿ ಪಾದಾ ಒತ್ತಿ ಮಲಗಿಸಿದ್ಲು. ಗಂಡನ ಮನಿ ಬಿಟ್ಟು ಬಂದಾಗಿಂದ ನಾ ಇಟಗೊಂಡೀನಿ ಆಕಿನ್ನ. ನನ್ನ ಕಡೆ ಹಂಗ ಒಂದು ದಿವಸ ನೋಡಿಲ್ಲ."

"ವೇದಶ್ರೀ ಎಲ್ಲಿ ಅಮ್ಮಾ? ಆರಾಮ ಅದಾರಿಲ್ಲೋ?"

"ಎಲ್ಲಿ ಆರಾಮು? ದನಿ ಬಿದ್ದದ. ಕೊರಳು ಬಾತದ. ನೀರು ನುಂಗಲಿಕ್ಕೆ ಬರೂದಿಲ್ಲ."

ವಿಶಾಖಾ ಎದ್ದು ನಿಂತಳು. "ಯಾವಾಗಿಂದ?"

"ಮೊನ್ನಿ ರವಿವಾರದಿಂದ."

"ಮೊನ್ನಿ ರವಿವಾರ? ಹುಡುಗಿ ಬರೂ ಮುಂಚೆ ಆರಾಮ ಇದ್ರೇನು?"

"ಹುಡುಗಿ ಹೋದ ಮ್ಯಾಲೂ ಒಂದು ವಾರ ಆರಾಮೇ ಇದ್ಲಲ್ಲಾ. ಗುಡಿಯೊಳಗ ಹಾಡಿ ಬಂದ್ಲು. ಮೊನ್ನಿ ಎದ್ದಾಗ ದನಿ ಇರಲಿಲ್ಲ."

ವಿಶಾಖಾಳ ತಲೆಯೊಳಗಿನ ಲೆಕ್ಕ ಪೂರ್ತಿ ತಿರುಗಿತು. ಹುಡುಗಿಗೆ ಜ್ವರ ಬಂದದ್ದು ಹೋದ ಬುಧವಾರ. ಕೊಟ್ಟವಳಿಗೆ ಆಮೇಲೆ, ಪಡೆದವಳಿಗೆ ಮೊದಲು ಬರುವುದು ಹೇಗೆ? ಆದರೆ ಈಗ ಅದನ್ನು ಯೋಚಿಸುವ ಹೊತ್ತಲ್ಲ. ಕೊರಳು ಬಾತವಳಿಗೆ ಇವತ್ತೇ ಮದ್ದು ಬೀಳದಿದ್ದರೆ ಉಸಿರು ನಿಲ್ಲುತ್ತದೆ.

"ಆಕಿ ಎಲ್ಲಿ ಅದಾಳ ಅಮ್ಮಾ?"

"ಮುಂಜಾನಿ ರಾಯಚೂರಿಗೆ ಹೋದ್ಲು. ದವಾಖಾನಿಗೆ."

"ತೋರಿಸಿಕೊಳ್ಳಾಕ?"

"ನಾನೂ ಹಂಗೇ ತಿಳಕೊಂಡಿದ್ದೆ," ಎಂದರು ಸತ್ಯಭಾಮಾಬಾಯಿ. "ದವಾಖಾನಿಗೆ ಫೋನ್ ಹಚ್ಚಿ ಕೇಳಿದಾಕಿ ಬಸ್ ಹತ್ತೂಮುಂದ ಹೇಳಿದ್ಲು. ಮಿತ್ರಾ ಅಲ್ಲಿ ಒಬ್ಬಳೇ ಮಲಗ್ಯಾಳ, ನಾ ಆಕಿ ಕಡೆ ಹೊಂಟೀನಿ ಅಂತ."

ವಿಶಾಖಾ ವಾರ್ಡಿಗೆ ಫೋನ್ ಹಚ್ಚಿದಳು. ಅಕ್ಕತಂಗಿಯರು ಅಂಗಳದಿಂದ ಹತ್ತಿರ ಬಂದರು. ಸ್ಪೀಕರ್ ಒತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ಹೇಳ್ರಿ ಮೇಡಮ್," ಎಂದ ನರ್ಸ್ ಜಗದೀಶ.

"ಮಿತ್ರಾನ ಹತ್ರ ಯಾರರೆ ಬಂದಾರೇನು?"

"ಬಂದಾರ್ರಿ. ಆಕಿ ದೊಡ್ಡವ್ವ. ನೀವು ತಾಯಿನ್ನ ಕರಕೊಂಡು ಹೋದ ಮ್ಯಾಲ ಬಂದ್ರು. ಸೂಗಮ್ಮ ಅಂತ ಹೇಳಿದ್ರು, ನಾ ಮೊದಲ ನೋಡಿಲ್ರಿ. ದನಿ ಕೂತದ ಪಾಪ, ಅತ್ತು ಅತ್ತು ಕೂತದ ಅನ್ನಸ್ತದ. ಗೌನು ಮಾಸ್ಕು ಕೊಟ್ಟು ಒಳಗ ಬಿಟ್ಟೀನಿ." ಅವನ ದನಿಯಲ್ಲಿ ಖುಷಿ ಇತ್ತು. "ನಿಮಗ ಫೋನ್ ಮಾಡವನಿದ್ದೆ. ಹುಡುಗಿ ಕಣ್ಣು ತೆರದಾಳ್ರಿ. ದೊಡ್ಡವ್ವನ ಕೈ ಗಟ್ಟಿ ಹಿಡಕೊಂಡಾಳ, ಬಿಡವಲ್ಲಳು."

ಮೌನೇಶ್ವರಿ ಬಾಯಿಗೆ ಕೈ ಇಟ್ಟುಕೊಂಡಳು. ನಾಲ್ಕು ರಾತ್ರಿ ಆ ಕಣ್ಣು ತೆರೆಯುವುದನ್ನು ಕಾದು ಕೂತವಳು ಅವಳು.

ಸೂಗಮ್ಮ ಬಾವಿಯ ಹತ್ತಿರದ ಮರುಗದ ಕುಂಡದ ಕಡೆ ತಿರುಗಿದಳು.

"ಜಗದೀಶ, ಆಕಿ ಸೂಗಮ್ಮ ಅಲ್ಲ," ಎಂದಳು ವಿಶಾಖಾ. "ಸೂಗಮ್ಮ ನನ್ನ ಬಾಜೂಕ ನಿಂತಾಳ. ಒಳಗ ಇದ್ದಾಕಿಗೆ ಗಂಟಲಮಾರಿ ಹತ್ತಿದಂಗದ. ಸಮಾಧಾನಲೆ ಹೊರಗ ಕರಕೊಂಡು ಬಾ, ಡಾಕ್ಟರಿಗೆ ಹೇಳಿ ಇಂಜೆಕ್ಷನ್ ತಯಾರ ಮಾಡಿಸು. ಅಂಜಿಸಬ್ಯಾಡ."

ಹೆಜ್ಜೆ ಸಪ್ಪಳ ಕೇಳಿತು. ಬಾಗಿಲು ಬಡಿದ ಸದ್ದು, ಮತ್ತೆ ಬಡಿದ ಸದ್ದು. ಜಗದೀಶ ಮರಳಿ ಬಂದಾಗ ಏದುಸಿರು ಬಿಡುತ್ತಿದ್ದ.

"ಮೇಡಮ್, ನಾ ಹೊರಗ ಬರ್ರಿ ಅಂದದ್ದಕ್ಕ ಆಕಿ ಒಳಗಿಂದ ಅಗಳಿ ಹಾಕ್ಕೊಂಡಾಳ. ಹುಡುಗಿ ಮಂಚಾ ಬಾಗಿಲಿಗೇ ಜಗ್ಗಿಕೊಂಡಾಳ. ದಬ್ಬಿದ್ರ ಮಂಚಾ ಅಲಗತದ, ನಳಿಕಿ ಕಳಚತದ. ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ನಳಿಕ್ಯಾಗಿನ ಕಫ ತಗೀಬೇಕ್ರಿ. ಇಲ್ಲಂದ್ರ ಹುಡುಗಿಗೆ ಉಸಿರು ಕಟ್ಟತದ."

"ಸರಳಿನ ಕಿಟಕಿ ಅದ ಅಲ್ಲ? ಫೋನ್ ಅದರ ಹತ್ರ ಹಿಡಿ. ನಾ ಮಾತಾಡತೀನಿ."

ಆ ಕಡೆ ಏನೋ ಸರಿದಾಡಿತು. ಆಮೇಲೆ ಉಸಿರು ಕೇಳಿತು. ಎಳೆದು ಎಳೆದು ತೆಗೆದುಕೊಳ್ಳುವ, ಸಿಳ್ಳೆಯಂಥ ಉಸಿರು.

"ವೇದಶ್ರೀಯವರೆ, ನಾ ಡಾಕ್ಟರ್ ವಿಶಾಖಾ. ಬಾಗಿಲಾ ತಗೀರಿ. ನಿಮ್ಮ ಮ್ಯಾಲ ಯಾರಿಗೂ ಸಿಟ್ಟಿಲ್ಲ. ನಿಮಗೂ ಮದ್ದು ಬೇಕು, ಹುಡುಗಿಗೂ ಬೇಕು."

"ನನ್ನಿಂದ ಆಕಿಗೆ ಬಂದಿಲ್ಲ." ದನಿಯಲ್ಲ, ಗೊಗ್ಗರು ಪಿಸುಮಾತು. "ಬಂದಾಗನ ಆಕಿಗೆ ಗಂಟಲಾ ನೋಯಲಿಕ್ಕತ್ತಿತ್ತು. ನಾ ಜೇನುತುಪ್ಪ ಕೊಟ್ಟೆ. ಆಕಿಯಿಂದ ನನಗ ಬಂತು."

"ಹಂಗಾದ್ರ ಆಕಿಗೆ ಎಲ್ಲಿಂದ ಬಂತು?"

"ದೇವದುರ್ಗದಾಗ. ಸಾಲಿ ಬಿಟ್ಟ ಮ್ಯಾಲ ದಿನಾ ಒಬ್ಬರ ಮನಿಗೆ ಹೋಗತಿದ್ಲು. ಸಾಕಿದವರಿಗೂ ಗೊತ್ತಿಲ್ಲ, ಹಡದವರಿಗೂ ಗೊತ್ತಿಲ್ಲ. ಅಲ್ಲಿ ಒಬ್ಬರು ಗಂಟಲಾ ಕಟ್ಟಿ ಮಲಗ್ಯಾರ. ಹೆಸರು ನನಗೊಬ್ಬಕಿಗೇ ಹೇಳ್ಯಾಳ." ಕೆಮ್ಮು ಬಂತು. ಕೆಮ್ಮಿನ ನಡುವೆಯೂ ಆ ಮಾತಿನಲ್ಲಿ ಒಂದು ಹೆಮ್ಮೆ ಇತ್ತು. "ನನಗೊಬ್ಬಕಿಗೇ."

ದೇವದುರ್ಗದಲ್ಲಿ ಇನ್ನೊಂದು ಮನೆ. ಅಲ್ಲಿ ಇನ್ನೊಬ್ಬರು ಮಲಗಿದ್ದಾರೆ, ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ತಾಯಣ್ಣ ಆಗಲೇ ಜೀಪಿನ ಕೀಲಿ ಕೈಗೆ ತೆಗೆದುಕೊಂಡಿದ್ದ.

"ಹೆಸರು ಹೇಳ್ರಿ," ಎಂದಳು ವಿಶಾಖಾ.

"ಹೇಳತೀನಿ. ಬಾಗಿಲಾನೂ ತಗೀತೀನಿ. ಅದಕ್ಕ ಮೊದಲ ಒಂದು ಮಾತು ಬೇಕು. ಆರಾಮಾದ ಮ್ಯಾಲ ಮಿತ್ರಾ ನನ್ನ ಹತ್ರ ಇರಬೇಕು."

ಮೌನೇಶ್ವರಿ ಮುಂದೆ ಬಂದಳು. "ಇರಲಿ ಟೀಚರ್. ನಾ ಆಕಿ ತಾಯಿ ಹೇಳಾಕತ್ತೀನಿ. ನಿಮ್ಮ ಹತ್ರನೇ ಇರಲಿ. ಬಾಗಿಲಾ ತಗೀರಿ."

"ನೀವಲ್ಲ." ಸಿಳ್ಳೆಯ ಉಸಿರು ಇನ್ನೂ ಜೋರಾಯಿತು. "ಸೂಗಮ್ಮ ಹೇಳಬೇಕು. ಎಲ್ಲಾರ ಮುಂದ ನನ್ನ ಮಾನಾ ತಗದಾಕಿ ಹೇಳಬೇಕು. ಮಿತ್ರಾ ನಿಂದು ಅಂತ ಆಕಿ ಬಾಯಿಲೆ ಕೇಳಬೇಕು ನಾನು."

ವಿಶಾಖಾ ಫೋನನ್ನು ಸೂಗಮ್ಮನ ಕೈಗೆ ಕೊಟ್ಟಳು. ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಹೂಂ ಅನ್ರಿ ಅಕ್ಕಾ. ಬಾಯಿಮಾತಿಗೆ ಅನ್ರಿ. ಮುಂದಿಂದು ನಾ ನೋಡಕೋತೀನಿ."

"ಅಕ್ಕಾ, ಅನ್ನು," ಎಂದಳು ಮೌನೇಶ್ವರಿ. ಅವಳು ಅಕ್ಕನ ಮೊಣಕೈ ಹಿಡಿದಿದ್ದಳು. "ನಿನ್ನ ಕಾಲಿಗೆ ಬೀಳತೀನಿ. ಸುಳ್ಳಿಗೆ ಅನ್ನು."

ಸೂಗಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕಡೆಯಿಂದ ಎರಡು ಉಸಿರು ಕೇಳುತ್ತಿದ್ದವು. ಒಂದು ವೇದಶ್ರೀಯದು. ಇನ್ನೊಂದು ಸಣ್ಣದು, ನಳಿಕೆಯೊಳಗೆ ಗೊರಗೊರ ಎನ್ನುವುದು. ಅವಳು ಆ ಸಣ್ಣ ಉಸಿರನ್ನು ಕೇಳುತ್ತ ಮಾಸ್ಕ್ ಕೆಳಗಿಳಿಸಿ ತುಟಿ ತೆರೆದಳು. ತುಟಿ ಅಲುಗಿತು.

ಎಲ್ಲರೂ ನೋಡುತ್ತಿರುವಾಗಲೇ ಅವಳ ಹೆಬ್ಬೆರಳು ಕೆಳಗಿಳಿಯಿತು. ಫೋನ್ ಕಟ್ ಆಯಿತು.

"ಸುಳ್ಳಿಗೂ ಕೊಡೂದಿಲ್ಲ," ಎಂದಳು ಸೂಗಮ್ಮ.